ಘಾಟಿಯಲ್ಲಿ ಹೈಬ್ರಿಡ್ ಕಾರು ಬಿಸಿಯಾದರೆ: ಕೂಲಂಟ್ ಪಂಪ್ ಅವಧಿಗೆ ಮೊದಲೇ ಕೆಟ್ಟಾಗ ಏನು ಮಾಡಬೇಕು

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಹದಿನಾಲ್ಕು ತಿರುವುಗಳಲ್ಲಿ ಅರ್ಧಕ್ಕೆ ಬಂದಿರುತ್ತೀರಿ. ಡ್ಯಾಶ್‌ಬೋರ್ಡಿನಲ್ಲಿ ‘ಹೈಬ್ರಿಡ್ ಸಿಸ್ಟಮ್ ಓವರ್‌ಹೀಟೆಡ್’ ಎಂಬ ಸಾಲು ಮೂಡುತ್ತದೆ, ಗಾಡಿಯ ಎಳೆತ ತಟ್ಟನೆ ಇಳಿಯುತ್ತದೆ. ಇಲ್ಲವೇ ಸಾಗರದಿಂದ ಶಿವಮೊಗ್ಗಕ್ಕೆ ಆರಾಮಾಗಿ ಬರುತ್ತಿರುವಾಗಲೇ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಳ್ಳುತ್ತದೆ. ಗಾಡಿ ಇನ್ನೂ ನಲವತ್ತು–ಐವತ್ತು ಸಾವಿರ ಕಿಲೋಮೀಟರ್ ಓಡಿರುತ್ತದೆ ಅಷ್ಟೆ. ಸ್ಕ್ಯಾನರ್ ಹಾಕಿ ನೋಡಿದವರು ‘ವಾಟರ್ ಪಂಪ್ ಹೋಗಿದೆ’ ಎನ್ನುತ್ತಾರೆ. ಅಂದರೆ ಬಿಸಿಯನ್ನು ಹೊತ್ತೊಯ್ಯುವ ದ್ರವವಾದ ಕೂಲಂಟನ್ನು ಸುತ್ತಿಸುವ ಪಂಪ್.

ಹೋಗಿರಬಹುದು. ಆದರೆ ಯಾಕೆ ಹೋಯಿತು ಎಂದು ಹುಡುಕದೆ ಹೊಸ ಪಂಪ್ ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ, ಹಸಿರುಗಟ್ಟಿದ ಕನೆಕ್ಟರ್, ಯಾರೋ ತುಂಬಿಸಿದ ನಲ್ಲಿ ನೀರು, ಇಲಿ ಕಡಿದ ವೈರು, ಇಂಥ ಯಾವುದೋ ಒಂದು ಕಾರಣ ಉಳಿದೇಬಿಟ್ಟಿರುತ್ತದೆ. ಹಾಗಾಗಿ ಈ ಬರಹದಲ್ಲಿ ಬಿಚ್ಚುವುದಕ್ಕಿಂತ ಹೆಚ್ಚು ಜಾಗ ಪರೀಕ್ಷೆಗೆ ಮತ್ತು ಗಾಳಿ ತೆಗೆಯುವುದಕ್ಕೆ ಹೋಗಿದೆ.

ದಾರಿಯಲ್ಲೇ ಎಚ್ಚರಿಕೆ ಬಂದರೆ

ತಿರುವಿನ ಬಾಯಲ್ಲಿ ನಿಲ್ಲಿಸಬೇಡಿ. ಮೇಲಿಂದ ಬರುವ ಬಸ್ಸಿಗೆ ನೀವು ಕಾಣುವುದಿಲ್ಲ, ಮಳೆಗಾಲದ ಮಂಜಿನಲ್ಲಂತೂ ಹತ್ತು ಮಾರು ಆಚೆ ಏನಿದೆಯೆಂದೇ ಗೊತ್ತಾಗದು. ಏಸಿ ಆಫ್ ಮಾಡಿ, ಆಕ್ಸಲರೇಟರ್ ಹಗುರ ಮಾಡಿ, ರಸ್ತೆ ನೇರವಾಗಿ ಬದಿ ಅಗಲವಾಗಿರುವಲ್ಲಿ ನಿಲ್ಲಿಸಿ. ಹಜಾರ್ಡ್ ದೀಪ ಹಾಕಿ, ಪಾರ್ಕಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ.

ಆಫ್ ಮಾಡುವ ಮೊದಲು ಒಂದೇ ಒಂದು ಪರೀಕ್ಷೆ ಮಾಡಿ, ಹತ್ತು ಸೆಕೆಂಡಿನ ಕೆಲಸ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಗಾಳಿಗೆ ಕೈ ಹಿಡಿಯಿರಿ. ಎಂಜಿನ್ ಕಾದಿದೆ ಎಂದು ಮೀಟರ್ ತೋರಿಸುತ್ತಿದ್ದು ಹೀಟರ್ ತಣ್ಣನೆಯ ಗಾಳಿ ಕೊಟ್ಟರೆ ಕೂಲಂಟ್ ಹರಿಯುತ್ತಿಲ್ಲ ಎಂದರ್ಥ. ಒಂದೋ ಎಂಜಿನ್ ಪಂಪ್ ನಿಂತಿದೆ, ಇಲ್ಲವೇ ಕೂಲಂಟ್ ಖಾಲಿಯಾಗಿದೆ. ಚೆನ್ನಾಗಿ ಬಿಸಿ ಗಾಳಿ ಬಂದರೆ ಎಂಜಿನ್ ಪಂಪ್ ತಿರುಗುತ್ತಿದೆ. ಆಗ ಅನುಮಾನ ಫ್ಯಾನಿನ ಕಡೆಗೆ, ರೇಡಿಯೇಟರ್ ಕಡೆಗೆ ಅಥವಾ ಇನ್ವರ್ಟರ್ (ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಬೇಕಾದಂತೆ ಬದಲಿಸಿಕೊಡುವ ಪೆಟ್ಟಿಗೆ) ಕಡೆಗೆ ಹೋಗಬೇಕು. ಇಷ್ಟು ನೋಡಿ ಗಾಡಿ ಆಫ್ ಮಾಡಿ.

ಬಾನೆಟ್ ಎತ್ತಿ ಬಿಡಿ, ಆದರೆ ಯಾವ ಮುಚ್ಚಳವನ್ನೂ ಮುಟ್ಟಬೇಡಿ. ಒತ್ತಡದಲ್ಲಿರುವ ಕೂಲಂಟ್ ನೂರು ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣಕ್ಕೆ ಅಷ್ಟೂ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಪಕ್ಕದ ಝರಿಯ ನೀರು ತಂದು ಕಾದ ಎಂಜಿನ್ನಿಗೆ ಹೊಯ್ಯುವ ಅಭ್ಯಾಸ ಹಳೆಯ ಜೀಪಿನ ಕಾಲದ್ದು. ಅಲ್ಯೂಮಿನಿಯಂ ಹೆಡ್ ಅದಕ್ಕೆ ಸೊಟ್ಟಗಾಗುತ್ತದೆ.

‘ಹೇಗೂ ಪೆಟ್ರೋಲ್ ಎಂಜಿನ್ ಇದೆಯಲ್ಲ, ಇನ್ವರ್ಟರ್ ಹೋದರೆ ಅದರಲ್ಲೇ ಮನೆ ಮುಟ್ಟೋಣ’ ಎಂಬ ಲೆಕ್ಕ ಟೊಯೋಟಾ ಮಾದರಿಯ, ಅಂದರೆ ಬರೀ ಮೋಟರಿನಲ್ಲೂ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ನಡೆಯುವುದಿಲ್ಲ. ಆ ಗೇರ್ ವ್ಯವಸ್ಥೆಯಲ್ಲಿ ಎಂಜಿನ್ನಿನ ಬಲ ಚಕ್ರಕ್ಕೆ ಹೋಗಬೇಕಾದರೆ ಒಂದು ಮೋಟರ್ ಎದುರು ಹಿಡಿದು ನಿಲ್ಲಲೇಬೇಕು, ಆ ಮೋಟರನ್ನು ಆಳುವುದು ಇನ್ವರ್ಟರ್. ಅದು ಕೈಕೊಟ್ಟರೆ ಟ್ಯಾಂಕ್ ತುಂಬಿದ್ದರೂ ಗಾಡಿ ಕದಲದು.

ಇದೇ ಕಾರಣಕ್ಕೆ ಜೀಪಿಗೋ ಟ್ರ್ಯಾಕ್ಟರಿಗೋ ಹಗ್ಗ ಕಟ್ಟಿ ತೀರ್ಥಹಳ್ಳಿಯವರೆಗೆ ಎಳೆಸುವುದೂ ಬೇಡ. ಮುಂದಿನ ಚಕ್ರ ತಿರುಗಿದರೆ ಮೋಟರ್ ತಿರುಗುತ್ತದೆ, ನ್ಯೂಟ್ರಲ್‌ನಲ್ಲಿದ್ದರೂ ಅಷ್ಟೆ. ಹಗ್ಗ ರಸ್ತೆಯಿಂದ ಬದಿಗೆ ಸರಿಸುವುದಕ್ಕೆ ಮಾತ್ರ. ಊರು ಸೇರಿಸಲು ನಾಲ್ಕು ಚಕ್ರವೂ ಮೇಲೇರುವ ಫ್ಲ್ಯಾಟ್‌ಬೆಡ್, ಅದಿಲ್ಲದಿದ್ದರೆ ಮುಂಚಕ್ರ ಎತ್ತುವ ಕ್ರೇನ್ ಕರೆಸಿ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂಥದ್ದಲ್ಲ, ಆದ್ದರಿಂದ ವಿಮೆಯ ರೋಡ್‌ಸೈಡ್ ಸಹಾಯದ ಸಂಖ್ಯೆ ಮತ್ತು ಪಾಲಿಸಿ ಸಂಖ್ಯೆ ಚೀಟಿಯಲ್ಲಿ ಬರೆದು ಗ್ಲೋವ್‌ಬಾಕ್ಸಿನಲ್ಲಿ ಇಟ್ಟಿರಿ. ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಆ ಚೀಟಿ ಕೊಟ್ಟರೂ ಆಗುತ್ತದೆ.

ಯಾವ ಪಂಪ್?

ಹೈಬ್ರಿಡ್ ಕಾರಿನಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಕೂಲಂಟ್ ಸುತ್ತುಗಳಿವೆ, ಎರಡಕ್ಕೂ ಬೇರೆ ಪಂಪ್, ಕೂಲಂಟ್ ತುಂಬುವ ಬೇರೆ ಡಬ್ಬಿ. ಎಂಜಿನ್ ಸುತ್ತು ದುಡಿಯುವುದು 80ರಿಂದ 95 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ. ಇನ್ವರ್ಟರ್ ಸುತ್ತು ಅದಕ್ಕಿಂತ ಬಹಳ ತಂಪಾಗಿರಬೇಕು. ಹೊರಗಿನ ಹವೆಗಿಂತ ಹತ್ತಿಪ್ಪತ್ತು ಡಿಗ್ರಿ ಹೆಚ್ಚಿದ್ದರೆ ಸರಿ, 65 ದಾಟಿತೆಂದರೆ ಚಿಂತಿಸಬೇಕು.

ಇನ್ವರ್ಟರ್ ಪಂಪ್ ಎಲ್ಲ ಹೈಬ್ರಿಡ್‌ಗಳಲ್ಲೂ ವಿದ್ಯುತ್ತಿನದು. ಎಂಜಿನ್ ಪಂಪ್ ಹಿಂದೆ ಬೆಲ್ಟಿನಿಂದ ತಿರುಗುತ್ತಿತ್ತು. 2009ರಲ್ಲಿ ಬಂದ ಮೂರನೇ ಪೀಳಿಗೆಯ ಪ್ರಿಯಸ್ ಬೆಲ್ಟನ್ನೇ ತೆಗೆದುಹಾಕಿ ಅಲ್ಲಿಯೂ ವಿದ್ಯುತ್ ಪಂಪ್ ತಂದಿತು, ನಮ್ಮ ರಸ್ತೆಗಳಲ್ಲಿ ಕಾಣುವ ಇನ್ನೋವಾ ಹೈಕ್ರಾಸ್ ಕೂಡ ಅದೇ ದಾರಿಯದು. ಈ ಪಂಪ್ ದುಬಾರಿ ಬಿಡಿಭಾಗ. ಎಂಜಿನ್ ನಿಂತಾಗಲೂ ಕೂಲಂಟ್ ಹರಿಸಬಲ್ಲದು ಎಂಬುದು ಅದರ ಲಾಭ. ನಷ್ಟವೆಂದರೆ ಬೆಲ್ಟಿನ ಪಂಪಿನ ಹಾಗೆ ಕಿರುಗುಟ್ಟಿ, ಸೋರಿ, ವಾರಗಟ್ಟಲೆ ಮುನ್ಸೂಚನೆ ಕೊಡದೆ ನಿಂತುಬಿಡಬಹುದು.

ಘಾಟಿ ಇಳಿಯುವಾಗ ಎಲ್ಲಕ್ಕೂ ವಿಶ್ರಾಂತಿ ಎಂದು ತಿಳಿದವರು ಬಹಳ ಜನ. ಲೆಕ್ಕ ಹಾಕಿ ನೋಡಿ. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2 ಯೂನಿಟ್ ವಿದ್ಯುತ್ತಿಗೆ ಸಮ. ಟೊಯೋಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ನ ಬ್ಯಾಟರಿ ಹಿಡಿಯುವುದು 0.76 ಯೂನಿಟ್, ಅದರಲ್ಲೂ ಪೂರ್ತಿ ಬಳಕೆಗಿಲ್ಲ. ಗಾಳಿಯ ತಡೆ, ಟಯರಿನ ಉಜ್ಜು ಕಳೆದರೂ ಆಗುಂಬೆಯ ಅರ್ಧ ಇಳಿಯುವಷ್ಟರಲ್ಲಿ ಬ್ಯಾಟರಿ ತುಂಬಿರುತ್ತದೆ. ಆಮೇಲೆ ಒಂದು ಮೋಟರ್ ತಯಾರಿಸಿದ ವಿದ್ಯುತ್ತನ್ನು ಇನ್ನೊಂದು ಮೋಟರಿಗೆ ಕೊಟ್ಟು ಎಂಜಿನ್ನನ್ನು ಸುಮ್ಮನೆ ತಿರುಗಿಸಿ ಕಳೆಯಬೇಕು. ಆ ಕೊಡು–ತೆಗೆದುಕೊಳ್ಳುವಿಕೆ ಎರಡೂ ನಡೆಯುವುದು ಇನ್ವರ್ಟರಿನ ಮೂಲಕವೇ. ಹಾಗಾಗಿ ಹುಲಿಕಲ್, ಆಗುಂಬೆ, ನಾಗೋಡಿ ಘಾಟಿಗಳನ್ನು ಇಳಿಯುವಾಗಲೂ ಇನ್ವರ್ಟರ್ ಪಂಪಿಗೆ ಪುರುಸೊತ್ತಿಲ್ಲ.

ಪಂಪೇ ಕೆಟ್ಟಿದೆ ಎಂದು ಖಾತ್ರಿ ಮಾಡಿಕೊಳ್ಳುವುದು

ಕಾರಿನ ದೋಷದ ಕೋಡ್‌ಗಳನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಓಬಿಡಿ ಅಡಾಪ್ಟರ್ ಒಂದನ್ನು ಕಾರಿನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಕೋಡ್ ಓದಿ ಬರೆದುಕೊಳ್ಳಿ, ಅದರ ಜೊತೆಗಿರುವ ಫ್ರೀಜ್ ಫ್ರೇಮ್ ಮಾಹಿತಿಯ ಸ್ಕ್ರೀನ್‌ಶಾಟ್ ತೆಗೆಯಿರಿ. ಅಳಿಸಬೇಡಿ. ಎಚ್ಚರಿಕೆ ಬಂದ ಕ್ಷಣದಲ್ಲಿ ಉಷ್ಣಾಂಶ ಎಷ್ಟಿತ್ತು, ವೇಗ ಎಷ್ಟಿತ್ತು ಎಂಬುದಕ್ಕೆ ಅದೊಂದೇ ಸಾಕ್ಷಿ, ವಾರಂಟಿಯ ಮಾತುಕತೆಯಲ್ಲಿ ಮುಂದೆ ಬೇಕಾಗುತ್ತದೆ.

ಟೊಯೋಟಾ ಹೈಬ್ರಿಡ್‌ಗಳಲ್ಲಿ ಪಿ0ಎ93 ಬಂದರೆ ಇನ್ವರ್ಟರಿನ ತಂಪು ವ್ಯವಸ್ಥೆ ಸಾಲುತ್ತಿಲ್ಲ ಎಂದರ್ಥ. ಅದು ಪಂಪನ್ನೇ ಬೊಟ್ಟು ಮಾಡುವುದಿಲ್ಲ. ಕೂಲಂಟ್ ಕಡಿಮೆಯಾದರೂ, ಫ್ಯಾನ್ ನಿಂತರೂ ಅದೇ ಕೋಡ್. ಪಿ0ಸಿ73 ಇನ್ವರ್ಟರ್ ಪಂಪಿನ ನಿಯಂತ್ರಣಕ್ಕೆ ಸಂಬಂಧಿಸಿದ್ದು. ಎಂಜಿನ್ ಕಡೆ ಪಿ261ಬಿ ಪಂಪ್ ಹೇಳಿದ ವೇಗದಲ್ಲಿ ತಿರುಗುತ್ತಿಲ್ಲ ಎನ್ನುತ್ತದೆ, ಪಿ148ಎಫ್ ಅಗತ್ಯಕ್ಕಿಂತ ಜೋರಾಗಿ ತಿರುಗುತ್ತಿದೆ ಎನ್ನುತ್ತದೆ. ಈ ಕೊನೆಯ ಕೋಡ್ ಕಂಡ ಕೂಡಲೇ ಪಂಪಿಗೆ ಆರ್ಡರ್ ಮಾಡಬೇಡಿ. ಹಗುರವಾಗಿ, ಜೋರಾಗಿ ತಿರುಗುವುದು ನೀರಿಲ್ಲದೆ ಗಾಳಿಯಲ್ಲಿ ಸುತ್ತುವ ಪಂಪಿನ ಲಕ್ಷಣ. ತೋಟದ ಬಾವಿಯಲ್ಲಿ ನೀರು ತಳ ಕಂಡಾಗ ಮೋಟರಿನ ಸದ್ದು ಬದಲಾಗುತ್ತದಲ್ಲ, ಹಾಗೆ. ಗಾಳಿ ಎಲ್ಲಿಂದ ಬಂತು ಎಂಬುದೇ ಅಲ್ಲಿ ಪ್ರಶ್ನೆ.

ಈಗ ಕಣ್ಣಿನ ಪರೀಕ್ಷೆ. ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗಾಗಿರಲಿ. ಮೊದಲು ಎರಡೂ ಡಬ್ಬಿಗಳ ಮಟ್ಟ ನೋಡಿ. ಲೋ ಗೆರೆಗಿಂತ ಕೆಳಗಿದ್ದರೆ ಪಂಪಿನ ಮಾತು ಪಕ್ಕಕ್ಕಿಟ್ಟು ಸೋರಿಕೆ ಹುಡುಕಿ. ಪೈಪಿನ ಕ್ಲಿಪ್ಪಿನ ಬುಡ, ಪಂಪಿನ ಅಂಚು, ರೇಡಿಯೇಟರಿನ ಪ್ಲಾಸ್ಟಿಕ್ ಅಂಚುಗಳಲ್ಲಿ ಒಣಗಿದ ಕೂಲಂಟಿನ ಗುಲಾಬಿ ಬಣ್ಣದ ಪುಡಿ ಅಂಟಿರುತ್ತದೆ. ಮಳೆಗಾಲದಲ್ಲಿ ಅದು ತೊಳೆದುಹೋಗುತ್ತದೆ. ಆಗ ರೊಟ್ಟು ಹಾಸಿ ಅದರ ಮೇಲೆ ಗಾಡಿ ನಿಲ್ಲಿಸಿ ಬೆಳಿಗ್ಗೆ ನೋಡಬೇಕು.

ಮಟ್ಟ ಸರಿಯಿದ್ದರೆ ಇನ್ವರ್ಟರ್ ಡಬ್ಬಿಯ ಮುಚ್ಚಳ ತೆಗೆಯಿರಿ (ತಣ್ಣಗಿರುವಾಗ ಮಾತ್ರ). ಒಬ್ಬರು ಒಳಗೆ ಕೂತು ಬ್ರೇಕ್ ತುಳಿದು ರೆಡಿ ದೀಪ ಹತ್ತಿಸಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಡಬ್ಬಿಯೊಳಗೆ ಇಣುಕಲಿ. ಕೈ, ಶಾಲು, ಪಂಚೆಯ ತುದಿ ಯಾವುದೂ ಫ್ಯಾನಿನ ಹತ್ತಿರ ಬೇಡ, ರೆಡಿಯಲ್ಲಿ ಎಂಜಿನ್ ಹೇಳದೆ ಕೇಳದೆ ಶುರುವಾಗುತ್ತದೆ. ಪಂಪ್ ಸರಿಯಿದ್ದರೆ ಗುಲಾಬಿ ನೀರಿನ ಮೇಲ್ಮೈ ನಡುಗುತ್ತದೆ, ಒಂದು ಮೂಲೆಯಿಂದ ಸಣ್ಣ ಸುಳಿ ಎದ್ದು ಅಂಚಿಗೆ ಬಡಿಯುತ್ತದೆ, ಟಾರ್ಚಿನ ಬೆಳಕು ಒಡೆದು ಓಡಾಡುತ್ತದೆ. ಪಂಪ್ ನಿಂತಿದ್ದರೆ ಟಾರ್ಚಿನ ಪ್ರತಿಬಿಂಬ ಕನ್ನಡಿಯಲ್ಲಿದ್ದ ಹಾಗೆ ಅಲುಗಾಡದೆ ನಿಂತಿರುತ್ತದೆ. ಹೊಸ ಗಾಡಿಗಳಲ್ಲಿ ತಣ್ಣಗಿರುವಾಗ ಪಂಪ್ ಬಹಳ ನಿಧಾನಕ್ಕೆ ತಿರುಗುವಂತೆ ಮಾಡಿರುತ್ತಾರೆ, ಆದ್ದರಿಂದ ಎರಡು ಮೂರು ನಿಮಿಷ ನೋಡದೆ ತೀರ್ಪು ಕೊಡಬೇಡಿ. ನೊರೆ ಅಥವಾ ಗುಳ್ಳೆ ಕಂಡರೆ ಒಳಗೆ ಗಾಳಿಯಿದೆ.

ಎಂಜಿನ್ ಪಂಪಿಗೆ ಇಷ್ಟು ಸುಲಭದ ಕಿಟಕಿ ಇಲ್ಲ. ಮೇಲೆ ಹೇಳಿದ ಹೀಟರ್ ಪರೀಕ್ಷೆ ಒಂದು. ಎಂಜಿನ್ ಪೂರ್ತಿ ಕಾದ ಮೇಲೂ ರೇಡಿಯೇಟರಿನ ಎರಡೂ ಪೈಪು ತಣ್ಣಗಿದ್ದರೆ ಹರಿವಿಲ್ಲ ಎಂಬುದು ಇನ್ನೊಂದು, ಎಂಜಿನ್ ಕಾದಾಗ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದ್ದರೂ ಹೀಗೇ ಆಗುತ್ತದೆ, ಆದರೆ ಆಗ ಹೀಟರ್ ಬಿಸಿ ಕೊಡುತ್ತಿರುತ್ತದೆ. ಸ್ಕ್ಯಾನರಿನಲ್ಲಿ ಪಂಪಿನ ಆಜ್ಞಾಪಿತ ವೇಗ ಮತ್ತು ನಿಜವಾದ ವೇಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಂದೇಹವೇ ಉಳಿಯುವುದಿಲ್ಲ.

ಇನ್ನು ವಿದ್ಯುತ್. ಪಂಪಿಗೆ ಬರುವುದು 12 ವೋಲ್ಟ್, ಆದ್ದರಿಂದ ಈ ಭಾಗ ಎಚ್ಚರದಿಂದ ಮನೆಯಲ್ಲೇ ಮಾಡಬಹುದು. ಫ್ಯೂಸ್ ನೋಡಿ. ಸುಟ್ಟಿದ್ದರೆ ಒಂದೇ ಸಲ ಬದಲಿಸಿ, ಮತ್ತೆ ಸುಟ್ಟರೆ ಪಂಪಿನೊಳಗೆ ಅಥವಾ ವೈರಿನಲ್ಲಿ ಶಾರ್ಟ್ ಇದೆ. ದೊಡ್ಡ ಫ್ಯೂಸ್ ಹಾಕಿ ಓಡಿಸುವುದು ಬೆಂಕಿಗೆ ಆಹ್ವಾನ. ಆಮೇಲೆ ಗಾಡಿ ಆಫ್ ಮಾಡಿ ಪಂಪಿನ ಕನೆಕ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಆರೋಗ್ಯವಾದ ಪಿನ್ ತವರದ ಹಾಗೆ ಮಂಕಾಗಿ ಹೊಳೆಯುತ್ತದೆ. ನೀರು ಹೊಕ್ಕ ಪಿನ್ ಮೇಲೆ ಹಳೆಯ ತಾಮ್ರದ ಹಂಡೆಗೆ ಹಿಡಿಯುವಂಥದೇ ಹಸಿರು ಕಿಲುಬು ಇರುತ್ತದೆ, ಹಳದಿ ಅಥವಾ ನೀಲಿ ರಬ್ಬರ್ ಸೀಲ್ ಒಂದು ಕಡೆ ಮಡಚಿಕೊಂಡಿರುತ್ತದೆ. ಮಲೆನಾಡಿನ ಗಾಡಿಗಳಲ್ಲಿ ಇದು ಅಪರೂಪವಲ್ಲ.

ಮಲ್ಟಿಮೀಟರ್ ಹಿಡಿದು ‘12 ವೋಲ್ಟ್ ಬರ್ತಾ ಇದೆ, ಹಾಗಾಗಿ ಪಂಪೇ ಹೋಗಿದೆ’ ಎಂದು ತೀರ್ಮಾನಿಸುವ ತಪ್ಪು ಬಹಳ ಕಡೆ ಆಗುತ್ತದೆ. ಒಂದೆರಡು ಎಳೆ ಮಾತ್ರ ಉಳಿದ ವೈರೂ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ, ಕರೆಂಟ್ ಎಳೆದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಅದಕ್ಕೆ 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬಿಗೆ ಎರಡು ವೈರ್ ಬೆಸೆದುಕೊಂಡು ಪ್ಲಸ್ ಮತ್ತು ಅರ್ಥ್ ಪಿನ್ನಿಗೆ ಹಿಡಿಯಿರಿ. ಯಾವ ಪಿನ್ ಯಾವುದೆಂದು ವೈರಿಂಗ್ ನಕ್ಷೆಯಲ್ಲಿ ನೋಡಿ ಖಚಿತಪಡಿಸಿಕೊಂಡೇ ಹಿಡಿಯಬೇಕು, ಸಿಗ್ನಲ್ ಪಿನ್ನಿಗೆ ಬಲ್ಬ್ ತಗುಲಿಸಿದರೆ ಕಂಟ್ರೋಲ್ ಯೂನಿಟ್ ಹಾಳು. ಬಲ್ಬ್ ಪೂರ್ತಿ ಬೆಳಗಿದರೆ ವೈರ್ ಸರಿ. ಕೆಂಪಗೆ ಮಿಣುಕಿದರೆ ತಪ್ಪು ವೈರಿನದು, ಪಂಪಿನದಲ್ಲ. ಬಲ್ಬ್ ಉರಿಯುತ್ತಿರುವಾಗಲೇ ಅರ್ಥ್ ಪಿನ್ನಿನಿಂದ ಬ್ಯಾಟರಿಯ ಮೈನಸ್‌ಗೆ ಮೀಟರ್ ಹಿಡಿದರೆ 0.2 ವೋಲ್ಟಿಗಿಂತ ಕಡಿಮೆ ಬರಬೇಕು.

ದುರ್ಬಲವಾದ 12 ವೋಲ್ಟ್ ಬ್ಯಾಟರಿಯೂ ಪಂಪಿನ ಕೋಡ್ ಎಬ್ಬಿಸುತ್ತದೆ. ರಾತ್ರಿ ನಿಂತ ಗಾಡಿಯಲ್ಲಿ 12.4ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಚಾರ್ಜ್ ಮಾಡಿ, ಮತ್ತೆ ಪರೀಕ್ಷೆ ಮಾಡಿ.

ಇಷ್ಟು ಬೇಗ ಯಾಕೆ ಕೆಡುತ್ತದೆ

ವಿದ್ಯುತ್ ಪಂಪಿನ ರೋಟರ್ ಕೂಲಂಟಿನಲ್ಲೇ ಮುಳುಗಿ ತಿರುಗುತ್ತದೆ. ಅದರ ಬೇರಿಂಗಿಗೆ ಗ್ರೀಸ್ ಇಲ್ಲ, ಕೂಲಂಟೇ ಎಣ್ಣೆ, ಕೂಲಂಟೇ ತಂಪು. ಹಾಗಾಗಿ ಗಾಳಿ ಸಿಕ್ಕಿಕೊಂಡರೆ ಅದು ಒಣ ಓಟ. ಹಿಂದೆ ಎಂದೋ ಅಪಘಾತದ ರಿಪೇರಿಗೆ ರೇಡಿಯೇಟರ್ ಬಿಚ್ಚಿ, ಮೇಲಿಂದ ಕೂಲಂಟ್ ಸುರಿದು, ಗಾಳಿ ಸರಿಯಾಗಿ ತೆಗೆಯದೆ ಕಳಿಸಿದ್ದರೆ ಅವತ್ತೇ ಪಂಪಿನ ಆಯುಸ್ಸು ಕಡಿಮೆಯಾಗಿರುತ್ತದೆ. ನಮ್ಮ ಅಂದಾಜಿನಲ್ಲಿ ಅಕಾಲದ ಸಾವಿಗೆ ಮೊದಲ ಅನುಮಾನ ಇದರ ಮೇಲೇ ಇರಬೇಕು.

ಎರಡನೆಯದು ತಪ್ಪು ಕೂಲಂಟ್. ಟೊಯೋಟಾದ ಗುಲಾಬಿ ಸೂಪರ್ ಲಾಂಗ್ ಲೈಫ್ ಕೂಲಂಟ್ ಸಿಲಿಕೇಟ್ ಇಲ್ಲದ, ಫಾಸ್ಫೇಟ್ ಇರುವ, ಮೊದಲೇ ನೀರು ಬೆರೆಸಿ ಬರುವ ದ್ರವ. ಅದಕ್ಕೆ ಪೆಟ್ರೋಲ್ ಬಂಕಿನ ಹಸಿರು ಕೂಲಂಟ್ ಬೆರೆಸಿದರೆ ಎರಡರ ರಕ್ಷಕ ರಾಸಾಯನಿಕಗಳೂ ಕೆಡುತ್ತವೆ, ಲೋಳೆಯಂಥ ಕೆಸರು ಕೂರುತ್ತದೆ. ನೀರಿನ ವಿಷಯಕ್ಕೆ ಬಂದರೆ ‘ನಮ್ಮ ಬಾವಿ ನೀರು ಮೆದು, ಏನೂ ಆಗಲ್ಲ’ ಎನ್ನುವವರು ಇಲ್ಲಿ ಹೆಚ್ಚು. ಜಂಬಿಟ್ಟಿಗೆ ನೆಲದ ಬಾವಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ, ಬಕೆಟ್ಟಿನ ಅಂಚಿನಲ್ಲಿ ಕಾಣುವ ಕೆಂಪು ಗೆರೆ ಅದರದೇ. ಅದು ಪಂಪಿನ ಒಳಗಿನ ಕಿರಿದಾದ ಸಂದಿಗೆ ಮರಳು ಕಾಗದವಾಗುತ್ತದೆ. ತೀರಾ ತುರ್ತಿಗೆ ಡಿಸ್ಟಿಲ್ಡ್ ವಾಟರ್, ಅದೂ ಊರು ಮುಟ್ಟುವವರೆಗೆ.

ಇಲಿ ಮತ್ತು ಹೆಗ್ಗಣ. ಅಡಿಕೆ ಕೊಯ್ಲು ಮುಗಿದು ಅಂಗಳ, ಅಟ್ಟ ತುಂಬಿದ ಕಾಲದಲ್ಲಿ ಬೆಚ್ಚಗಿನ ಬಾನೆಟ್ ಅವಕ್ಕೆ ಬಾಡಿಗೆಯಿಲ್ಲದ ಮನೆ. ಪಂಪಿನ ವೈರ್ ಕೆಳಗಡೆ ಇರುವುದರಿಂದ ಮೊದಲು ಬಾಯಿಗೆ ಸಿಗುವುದೂ ಅದೇ. ದರಗು ಇನ್ನೊಂದು ಪೀಡೆ. ಮರದಡಿ ನಿಲ್ಲಿಸಿದ ಗಾಡಿಯ ಏಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಎಲೆ, ಕೆಂಪು ಕೆಸರು ಸೇರಿ ಗೋಡೆಯಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಶುಭ್ರವಾಗಿಯೇ ಕಾಣುತ್ತದೆ. ಗಾಳಿ ಆಡದೆ ಪಂಪ್ ಸದಾ ಗರಿಷ್ಠ ವೇಗದಲ್ಲೇ ದುಡಿದು ಸವೆಯುತ್ತದೆ.

ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸೀಳಿದ್ದರೆ ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ಗಿ ಗಾಳಿಯಾಗಿ ನಿಲ್ಲುತ್ತದೆ. ಎರಡನೇ ಪಂಪ್ ಕೂಡ ಬೇಗ ಹೋದರೆ, ಸೋರಿಕೆಯಿಲ್ಲದೆ ಕೂಲಂಟ್ ಇಳಿಯುತ್ತಿದ್ದರೆ, ಬೆಳಗಿನ ಮೊದಲ ಸ್ಟಾರ್ಟಿಗೆ ಎಂಜಿನ್ ಗಡಗಡ ನಡುಗಿದರೆ ಈ ಪರೀಕ್ಷೆ ಮಾಡಿಸಲೇಬೇಕು: ಡಬ್ಬಿಯ ಬಾಯಿಗೆ ಇಡುವ ನೀಲಿ ದ್ರಾವಣದ ಟೆಸ್ಟರ್ ಇದೆ, ಹೊಗೆ ಇದ್ದರೆ ದ್ರಾವಣ ಹಳದಿಯಾಗುತ್ತದೆ.

ಕಾರ್ಖಾನೆಯದೇ ದೋಷವೂ ಇರಬಹುದು. 2012ರ ನವೆಂಬರಿನಲ್ಲಿ ಟೊಯೋಟಾ ಎರಡನೇ ಪೀಳಿಗೆಯ ಪ್ರಿಯಸ್ ಕಾರುಗಳನ್ನು ಇನ್ವರ್ಟರಿನ ವಿದ್ಯುತ್ ಪಂಪ್ ಬದಲಿಸುವುದಕ್ಕಾಗಿ ವಾಪಸ್ ಕರೆಸಿತ್ತು. ನಿಮ್ಮ ಗಾಡಿಯ ಚಾಸಿಸ್ ಸಂಖ್ಯೆಗೆ ಅಂಥ ಕರೆ ಏನಾದರೂ ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ಮೊದಲೇ ನೋಡಿ.

ವಾರಂಟಿ

ಅವಧಿ ಇದ್ದರೆ ಸ್ಪ್ಯಾನರ್ ಮುಟ್ಟಬೇಡಿ. ಟೊಯೋಟಾದ ಸಾಮಾನ್ಯ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ. ಇಲ್ಲೇ ಜನ ಎಡವುವುದು. ಎಂಟು ವರ್ಷದ ಮಾತು ಬ್ಯಾಟರಿಗೆ, ಪಂಪ್ ಸಾಮಾನ್ಯ ವಾರಂಟಿಯ ಅಥವಾ ನೀವು ಹಣ ಕೊಟ್ಟು ವಿಸ್ತರಿಸಿದ ವಾರಂಟಿಯ ಲೆಕ್ಕಕ್ಕೆ ಬರುತ್ತದೆ.

ದೂರನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಜಾಬ್ ಕಾರ್ಡಿನಲ್ಲಿ ಕೋಡ್, ಓಡಿದ ಕಿಲೋಮೀಟರ್, ‘ಘಾಟಿ ಹತ್ತುವಾಗ ಬಿಸಿ’ ಎಂಬ ನಿಮ್ಮ ಮಾತು ಎಲ್ಲವೂ ಬರೆಸಿ ಪ್ರತಿ ತೆಗೆದುಕೊಳ್ಳಿ. ‘ಹೊರಗಿನ ಕೂಲಂಟ್ ಹಾಕಿದ್ದೀರಿ’ ಎಂದು ನಿರಾಕರಿಸಿದರೆ ಆ ಕಾರಣವನ್ನು ಲಿಖಿತವಾಗಿ ಕೇಳಿ. ಹಿಂದಿನ ಸರ್ವಿಸ್ ಬಿಲ್ಲುಗಳಲ್ಲಿ ಕೂಲಂಟ್ ಸಾಲು ಇದ್ದರೆ ಅದನ್ನು ಮುಂದಿಡಿ. ಕೆಟ್ಟ ಪಂಪಿನ ಮತ್ತು ಕನೆಕ್ಟರಿನ ಫೋಟೋ ತೆಗೆಯಿರಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದರ ಮೇಲೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷ ಸಮಯವಿದೆ.

ಬದಲಿಸುವ ಕೆಲಸ

ವಾರಂಟಿ ಮುಗಿದಿದ್ದರೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಂಥ ಕಡೆ ಅನುಭವಿ ಮೆಕ್ಯಾನಿಕ್ ಕೈಯಲ್ಲೂ ಮಾಡಿಸಬಹುದು. ಆದರೆ ಹೈಬ್ರಿಡ್ ಗಾಡಿಗಾಗಿ ಸ್ಕ್ಯಾನರ್ ಮತ್ತು ವ್ಯಾಕ್ಯೂಮ್ ಫಿಲ್ಲರ್ ಎರಡೂ ಇದೆಯೇ ಎಂದು ಕೇಳಿ. ಎರಡರಲ್ಲಿ ಒಂದಿಲ್ಲದಿದ್ದರೂ ಬೇರೆ ಕಡೆ ಹೋಗಿ.

ತಂದಿಟ್ಟುಕೊಳ್ಳಬೇಕಾದ್ದು: ಚಾಸಿಸ್ ಸಂಖ್ಯೆಗೆ ಹೊಂದುವ ಪಂಪ್, ಹೊಸ ಓ ರಿಂಗ್ ಅಥವಾ ಗ್ಯಾಸ್ಕೆಟ್, ಕೈಪಿಡಿ ಹೇಳುವ ಕೂಲಂಟ್. ಇನ್ವರ್ಟರ್ ಸುತ್ತಿಗೆ ಸಾಮಾನ್ಯವಾಗಿ 2ರಿಂದ 3 ಲೀಟರ್, ಎಂಜಿನ್ ಸುತ್ತಿಗೆ 5ರಿಂದ 7 ಲೀಟರ್ ಹಿಡಿಯುತ್ತದೆ. ಒಂದು ಲೀಟರ್ ಹೆಚ್ಚೇ ಇರಲಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ನಕಲಿ ಪಂಪಿನಲ್ಲಿ ವೇಗ ತಿಳಿಸುವ ಸಿಗ್ನಲ್ ಸರಿಹೊಂದದೆ ಅದೇ ಕೋಡ್ ಮರುದಿನವೇ ಬರುವುದುಂಟು.

ಗಾಡಿ ಆಫ್, ಕೀ ಮನೆಯೊಳಗೆ. ಸ್ಮಾರ್ಟ್ ಕೀ ಜೇಬಿನಲ್ಲಿದ್ದರೆ ಯಾರೋ ಬಟನ್ ಒತ್ತಿದರೂ ಗಾಡಿ ಎಚ್ಚರಗೊಳ್ಳುತ್ತದೆ. 12 ವೋಲ್ಟ್ ಬ್ಯಾಟರಿಯ ಮೈನಸ್ ಬಿಚ್ಚಿ. ಕಿತ್ತಳೆ ಬಣ್ಣದ ಕೇಬಲ್ ಎಲ್ಲೇ ಕಂಡರೂ ಅದನ್ನು ಮುಟ್ಟುವ, ಸರಿಸುವ ಕೆಲಸ ಮನೆಯಲ್ಲಿ ಬೇಡ. ಹೈರೈಡರಿನ ಬ್ಯಾಟರಿಯೇ 177.6 ವೋಲ್ಟ್. ಪಂಪಿನ ದಾರಿಗೆ ಇನ್ವರ್ಟರ್ ಅಡ್ಡ ಬಂದು ಅದನ್ನು ಕದಲಿಸಬೇಕಾದರೆ ತರಬೇತಿ ಪಡೆದವರೇ ಬೇಕು: ಅವರು 1000 ವೋಲ್ಟಿನ ಕೈಗವಸು ಹಾಕಿ, ಹೈಬ್ರಿಡ್ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ಕನಿಷ್ಠ 10 ನಿಮಿಷ ಕಾದು, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕುತ್ತಾರೆ. ಹಾಗೆ ಮಾಡದವರ ಕೈಗೆ ಗಾಡಿ ಕೊಡಬೇಡಿ.

ಕೂಲಂಟನ್ನು ಡ್ರೇನ್ ಪ್ಲಗ್ಗಿನಿಂದ ಶುದ್ಧವಾದ ತಟ್ಟೆಗೆ ಇಳಿಸಿ. ಬಣ್ಣ, ಕೆಸರು, ಲೋಹದ ಪುಡಿ ಅದರಲ್ಲೇ ಓದಬೇಕು. ಗುಲಾಬಿ ಹೋಗಿ ಕಂದಾಗಿದ್ದರೆ ಬರೀ ಪಂಪ್ ಬದಲಿಸಿ ಪ್ರಯೋಜನವಿಲ್ಲ, ಡಿಸ್ಟಿಲ್ಡ್ ವಾಟರಿನಿಂದ ಎರಡು ಮೂರು ಸಲ ತೊಳೆದು ಮುಂದುವರಿಯಬೇಕು. ಕನೆಕ್ಟರ್ ಬಿಚ್ಚಿ, ಪೈಪಿನ ಕ್ಲಿಪ್ ಸರಿಸಿ, ಬೋಲ್ಟ್ ತೆಗೆದು ಪಂಪ್ ಹೊರಗೆ ತನ್ನಿ. ಕೂಲಂಟ್ ತಳ್ಳುವ ರೆಕ್ಕೆಚಕ್ರವನ್ನು (ಇಂಪೆಲ್ಲರ್) ಕೈಯಲ್ಲಿ ತಿರುಗಿಸಿ: ಆಯಸ್ಕಾಂತದ ಹಗುರ ಹಿಡಿತ ತಟ್ಟಿ ತಟ್ಟಿ ಸಿಗುವುದು ಸಹಜ, ಗರಗರ ಸವೆತ ಅಥವಾ ಅಡ್ಡಡ್ಡ ಅಲುಗಾಟ ಸಹಜವಲ್ಲ. ಹೊಸ ಪಂಪನ್ನು ‘ಕೆಲಸ ಮಾಡುತ್ತಾ ನೋಡೋಣ’ ಎಂದು ಒಣದಾಗಿ ತಿರುಗಿಸಬೇಡಿ.

ಕೂರುವ ಮುಖವನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಉಜ್ಜಿ. ಓ ರಿಂಗಿಗೆ ಹೊಸ ಕೂಲಂಟ್ ಸವರಿದರೆ ಸಾಕು, ಸಿಲಿಕೋನ್ ಅಂಟು ಬೇಡ, ಅದರ ತುಣುಕು ಕಳಚಿ ಹೊಸ ಪಂಪಿಗೇ ಸಿಕ್ಕಿಕೊಳ್ಳುತ್ತದೆ. ಬೋಲ್ಟುಗಳನ್ನು ಕೈಯಲ್ಲಿ ಕೂರಿಸಿ, ಎದುರು ಬದುರಾಗಿ ಎರಡು ಸುತ್ತಿನಲ್ಲಿ ಕೈಪಿಡಿಯ ಅಂಕಿಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಅಲ್ಯೂಮಿನಿಯಂ ಮರೆ (ಥ್ರೆಡ್) ಒಮ್ಮೆ ಹೋದರೆ ಪಂಪಿಗಿಂತ ದೊಡ್ಡ ಖರ್ಚು. ಕಿಲುಬಿದ್ದ ಕನೆಕ್ಟರನ್ನು ಕೆರೆದು ಉಳಿಸಿಕೊಳ್ಳದೆ ಪಿನ್ ಸಮೇತ ಹೊಸದು ಹಾಕಿಸಿ, ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ.

ಗಾಳಿ ತೆಗೆಯುವುದು

ಉತ್ತಮ ದಾರಿ ವ್ಯಾಕ್ಯೂಮ್ ಫಿಲ್ಲರ್. ಖಾಲಿ ಸುತ್ತಿನಿಂದ ಗಾಳಿಯನ್ನು ಸುಮಾರು ಮೈನಸ್ 0.8 ಬಾರ್‌ವರೆಗೆ ಹೀರಿ ಎರಡು ನಿಮಿಷ ಹಾಗೇ ಬಿಡುತ್ತಾರೆ. ಮುಳ್ಳು ಕದಲದಿದ್ದರೆ ಎಲ್ಲೂ ಸೋರಿಕೆಯಿಲ್ಲ. ಆಮೇಲೆ ವಾಲ್ವ್ ತಿರುಗಿಸಿದರೆ ಕೂಲಂಟ್ ತಾನೇ ಒಳಗೆ ಎಳೆಯಲ್ಪಡುತ್ತದೆ, ಗಾಳಿಗೆ ಜಾಗವೇ ಉಳಿಯುವುದಿಲ್ಲ.

ಅದಿಲ್ಲದೆ ಮಾಡಲೇಬೇಕಾಗಿ ಬಂದರೆ ತಾಳ್ಮೆ ಬೇಕು. ಗಾಡಿಯ ಮುಂಭಾಗ ಎತ್ತರವಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಮಲೆನಾಡಿನ ಮನೆಯಂಗಳದಲ್ಲಿ ಅಂಥ ಜಾಗಕ್ಕೆ ಬರವಿಲ್ಲ. ಗಾಳಿ ಹೊರಬಿಡುವ ಬ್ಲೀಡರ್ ತೆರೆದು, ಸಣ್ಣ ಧಾರೆಯಲ್ಲಿ ಕೂಲಂಟ್ ಸುರಿಯುತ್ತಾ, ಅಲ್ಲಿಂದ ಗುಳ್ಳೆಯಿಲ್ಲದ ನೇರ ಧಾರೆ ಬಂದ ಮೇಲೆ ಮುಚ್ಚಿ. ಪೈಪುಗಳನ್ನು ಕೈಯಲ್ಲಿ ಹಿಂಡಿ ಹಿಂಡಿ ಬಿಡಿ. ನಂತರ ಬ್ಯಾಟರಿ ಜೋಡಿಸಿ, ಸ್ಕ್ಯಾನರಿನ ಆಕ್ಟಿವ್ ಟೆಸ್ಟ್ ಮೂಲಕ ಪಂಪನ್ನು ಒಂದೊಂದು ನಿಮಿಷ ಓಡಿಸಿ ನಿಲ್ಲಿಸಿ. ನಿಲ್ಲಿಸಿದಾಗಲೇ ಗುಳ್ಳೆ ಮೇಲೇರುವುದು, ಎಡೆಬಿಡದೆ ಓಡಿಸಿದರೆ ನೀರಿನ ಜೊತೆಗೇ ಸುತ್ತುತ್ತಿರುತ್ತದೆ. ಮಟ್ಟ ಇಳಿದಂತೆ ತುಂಬಿ. ಪಂಪಿನ ಸದ್ದು ಬುಳುಬುಳು ಬಿಟ್ಟು ಒಂದೇ ಸಮನೆ ಗುಂಯ್‌ಗುಡುವವರೆಗೆ ಇದನ್ನು ಮಾಡಬೇಕು.

ಎಂಜಿನ್ ಸುತ್ತಾದರೆ ಇನ್ನೂ ಒಂದು ಹಂತವಿದೆ. ಹೀಟರ್ ಗರಿಷ್ಠಕ್ಕಿಟ್ಟು, ಎಂಜಿನ್ ನಿಲ್ಲದಂತೆ ಮೆಂಟೆನೆನ್ಸ್ ಮೋಡಿನಲ್ಲಿ ಓಡಿಸಿ, ರೇಡಿಯೇಟರಿನ ಪೈಪು ಬಿಸಿಯಾಗುವವರೆಗೆ ಅಂದರೆ ಥರ್ಮೋಸ್ಟಾಟ್ ತೆರೆಯುವವರೆಗೆ ಕಾಯಬೇಕು. ಆ ಕ್ಷಣದಲ್ಲಿ ಹೀಟರ್ ಗಾಳಿ ಮಧ್ಯೆ ಮಧ್ಯೆ ತಣ್ಣಗಾದರೆ ಗಾಳಿ ಇನ್ನೂ ಉಳಿದಿದೆ. ರಾತ್ರಿ ತಣ್ಣಗಾಗಲು ಬಿಟ್ಟು ಬೆಳಿಗ್ಗೆ ಮಟ್ಟ ನೋಡಿ ತುಂಬಿ, ಮತ್ತೊಮ್ಮೆ ಕಾಯಿಸಿ.

ಇಳಿಸಿದ ಹಳೆಯ ಕೂಲಂಟನ್ನು ಚರಂಡಿಗೋ ಅಡಿಕೆ ಮರದ ಬುಡಕ್ಕೋ ಚೆಲ್ಲಬೇಡಿ. ಎಥಿಲಿನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ಕರು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ. ತಟ್ಟೆಯನ್ನು ಅರೆಗಳಿಗೆಯೂ ತೆರೆದಿಟ್ಟು ಒಳಗೆ ಹೋಗಬೇಡಿ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ‘ವಿಷ’ ಎಂದು ಬರೆದು, ಹಳೆ ಎಣ್ಣೆ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ.

ಆಮೇಲೆ

ಮೊದಲ ಓಟ ಘಾಟಿಗೆ ಬೇಡ. ಗಾಜನೂರಿನವರೆಗೋ ಆಯನೂರಿನವರೆಗೋ ಹೋಗಿ ಬನ್ನಿ, ಫೋನಿನಲ್ಲಿ ಎಂಜಿನ್ ಮತ್ತು ಇನ್ವರ್ಟರ್ ಉಷ್ಣಾಂಶ ನೋಡುತ್ತಿರಿ (ಪಕ್ಕ ಕೂತವರು ನೋಡಲಿ). ಎಂಜಿನ್ 105 ಡಿಗ್ರಿ ಮುಟ್ಟಿದರೆ ನಿಲ್ಲಿಸಿ. ಮೊದಲ ವಾರ ದಿನಾ ಬೆಳಿಗ್ಗೆ, ಮೊದಲ ತಿಂಗಳು ವಾರಕ್ಕೊಮ್ಮೆ ಎರಡೂ ಡಬ್ಬಿಗಳ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಆರಂಭದಲ್ಲಿ ಅರ್ಧ ಇಂಚು ಇಳಿದು ನಿಂತರೆ ಅದು ಉಳಿದ ಗಾಳಿ ಹೊರಬಂದದ್ದು, ನಿಲ್ಲದೆ ಇಳಿಯುತ್ತಲೇ ಇದ್ದರೆ ಸೋರಿಕೆ.

ಮುಂಗಾರಿಗೆ ಮೊದಲು, ಮೇ ಕೊನೆಗೆ, ಕನೆಕ್ಟರಿನ ಸೀಲ್ ಮತ್ತು ರೇಡಿಯೇಟರಿನ ನಡುವಿನ ದರಗು ನೋಡಿಸಿ. ಎಲೆ ತೆಗೆಯಲು ಪ್ರೆಷರ್ ವಾಷರ್ ಹತ್ತಿರ ಹಿಡಿಯಬಾರದು, ರೆಕ್ಕೆಗಳು ಮಲಗಿಬಿಡುತ್ತವೆ, ನೀರು ಕನೆಕ್ಟರಿಗೂ ನುಗ್ಗುತ್ತದೆ. ಹಿಂದಿನಿಂದ ಮುಂದಕ್ಕೆ ಸಣ್ಣ ಪೈಪಿನ ನೀರು ಸಾಕು. ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ಗಾಡಿಯನ್ನು ಕೊಟ್ಟಿಗೆ, ಕಣಜದ ಪಕ್ಕ ನಿಲ್ಲಿಸದೆ ಬಯಲಿನಲ್ಲಿ ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಹಾಕಿ. ಹಿಕ್ಕೆ ಅಥವಾ ಕಡಿದ ಸ್ಪಂಜಿನ ಚೂರು ಕಂಡರೆ ಅದೇ ದಿನ ಪಂಪಿನ ವೈರಿನುದ್ದಕ್ಕೂ ಬೆರಳಾಡಿಸಿ ನೋಡಿ.